ಬಸವೇಶನ ಕರುಳಿಗೆ ಯಾರ ಕೈ

ನಂಜನಗೂಡಿನ ಬಿಸ್ಕತ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಬಸವೇಶನಿಗೆ ಮನುಷ್ಯರ ಕೈ ಮೇಲೆ ನಂಬಿಕೆ ಕಮ್ಮಿ. ಅವನಿಗೆ ಚೆನ್ನಾಗಿ ಗೊತ್ತಿದ್ದ ಕೈ ತನ್ನದೊಂದೇ ತಾನೆ. ಲೈನಿಗೆ ಯಂತ್ರದ ತೋಳು ಬಂದ ಮೇಲೂ ನೆಲಕ್ಕೆ ಬೀಳುತ್ತಿದ್ದ ಡಬ್ಬಗಳೆಲ್ಲ ಅವನವೇ.

ಹಾಗಾಗಿ ೨೦೦೯ರಲ್ಲಿ, ದೊಡ್ಡ ಕರುಳಿನ ಬಲಗಡೆ ಗಡ್ಡೆಯಿದೆ, ಅಷ್ಟು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಹಟ ಹಿಡಿದ: "ಮಾಡಿದ್ರೆ ರೋಬೋನೇ ಮಾಡ್ಬೇಕು. ದೂರದ ಊರಾದ್ರೂ ಸರಿ, ಸರದಿ ಕಾಯ್ತೀನಿ."

ನರಸೀಪುರದಿಂದ ಬಂದಿದ್ದ ತಾಯಿ ಗುರುಬಸಮ್ಮ ಗದರಿದಳು. "ಒಟ್ಟೆ ಒಳಿಕ್ಕೆ ಕಬ್ಣದ ಕೈ ಬುಟ್ಕತೀಯಾ? ಅದ್ಕೇನ್ಲಾ ಗೊತ್ತು, ನೀನ್ಯಾರ ಮಗ ಅಂತ?"

"ಗೊತ್ತಿಲ್ದಿದ್ರೇ ಒಳ್ಳೇದು ಕಣವ್ವ."

ಸರ್ಜನ್ ಮಧುಶ್ರೀ ನಕ್ಕರು. "ರೋಬೋ ತಾನಾಗಿ ಏನೂ ಮಾಡಲ್ಲ ಬಸವೇಶ್. ಪಕ್ಕದಲ್ಲಿ ಡಾಕ್ಟ್ರು ಕೂತು ಅದರ ಕೈ ಆಡಿಸ್ತಾರೆ."

"ಅಲ್ಲೂ ಮನುಷ್ಯರೇನಾ ಮೇಡಂ?" ಅವನ ದನಿ ಇಳಿದುಹೋಯಿತು.

"ಮನುಷ್ಯರೇ. ರೋಬೋ ಆದ್ರೂ, ನಾನು ಮಾಡೋ ಲ್ಯಾಪ್ರೋಸ್ಕೋಪಿ ಆದ್ರೂ ಹೊಟ್ಟೆಗೆ ಸಣ್ಣ ತೂತು, ಒಳಗೊಂದು ಕ್ಯಾಮೆರಾ. ಲ್ಯಾಪ್ರೋಸ್ಕೋಪಿಲಿ ಉದ್ದ ಕಡ್ಡಿಯಂಥ ಸಲಕರಣೆ ನಾನೇ ಹಿಡೀತೀನಿ. ರೋಬೋದ್ದು ಮಣಿಕಟ್ಟಿನ ಹಾಗೆ ತಿರುಗುತ್ತೆ, ಹೊಟ್ಟೆಯ ತೀರಾ ಕೆಳಗಿನ ಇಕ್ಕಟ್ಟಿನಲ್ಲಿ ಅನುಕೂಲ. ನಿಮ್ಮ ಗಡ್ಡೆ ಅಲ್ಲಿಲ್ಲ. ನಿಮಗೆ ಅದರಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತೆ, ಗುಣ ಆಗೋದು ಹೆಚ್ಚುಕಮ್ಮಿ ಒಂದೇ. ನೀವು ಸರದಿ ಕಾಯ್ತೀರಿ, ಗಡ್ಡೆ ಕಾಯಲ್ಲ."

ಬಸವೇಶ ಅವರ ಬೆರಳುಗಳನ್ನೇ ನೋಡಿದ. "ಮೇಡಂ, ನೀವು ಏನಾದ್ರೂ ಕೈಜಾರಿ ಬೀಳಿಸಿದ್ದೀರಾ?"

"ಮನೇಲಿ ದಿನಾ. ಇಲ್ಲಿ ಇಲ್ಲ."

ಯಾಕೋ ಆ ಮೊದಲರ್ಧ ಕೇಳಿಯೇ ಅವನಿಗೆ ಧೈರ್ಯ ಬಂತು. ಒಪ್ಪಿದ.

ಮತ್ತಿನ ಮದ್ದು ಏರುತ್ತಿದ್ದ ಹಾಗೆ ಮಂಚ ತೇಲಿತು. ಕೆಳಗೆ ಕಪಿಲೆ ಹೊಳೆ, ಅದೇ ಅವನ ಕರುಳು, ಸುತ್ತಿ ಸುತ್ತಿ ನರಸೀಪುರದ ಕಡೆ ಹೊರಟಿತ್ತು. ಯಾರೋ ಒಂದು ತಿರುವನ್ನೇ ಎತ್ತಿ ಪಕ್ಕಕ್ಕಿಟ್ಟು ಎರಡೂ ಕಡೆಯ ನೀರಿಗೆ ಹೊಲಿಗೆ ಹಾಕುತ್ತಿದ್ದರು. ನೀರು ಉಸಿರು ಹಿಡಿದು ನಿಂತಿತ್ತು.

ಎಚ್ಚರವಾದ ಮೇಲೂ ಅರ್ಧ ತೇಲುತ್ತಲೇ ಇದ್ದ. ಜೋಡಿಸಿದ ಕರುಳು ಕೆಲಸ ಶುರು ಮಾಡಿದ್ದಕ್ಕೆ ಮೊದಲ ಗುರುತು ಗಾಳಿ ಹೋಗುವುದು ಎಂದಿದ್ದರು ಮೇಡಂ. ಆಗಿನಿಂದ ಗುರುಬಸಮ್ಮನದು ಒಂದೇ ಪ್ರಶ್ನೆ: "ಬಂತೇನ್ಲಾ?" ಅಕ್ಕಪಕ್ಕದ ಮಂಚದವರೂ ಊಟಕ್ಕೆ ಮುಂಚೆ ವಿಚಾರಿಸತೊಡಗಿದರು. ಬರಲಿಲ್ಲ. ಹೊಟ್ಟೆ ಬಿಗಿಯಿತು, ಮೇಡಂ ಬಂದು ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇನ್ನೂ ಬಾಯಿಗೆ ಏನೂ ಕೊಡಬೇಡಿ ಎಂದು ಹೋದರು. ಗುರುಬಸಮ್ಮ ಪ್ರಶ್ನೆ ನಿಲ್ಲಿಸಿದಳು. ಬಸವೇಶನಿಗೆ ಹೆದರಿಕೆಯಾದದ್ದು ಆಗಲೇ.

ಒಂದು ಮಧ್ಯಾಹ್ನದ ಮಂಪರಿನಲ್ಲಿ ಒಳಗೆಲ್ಲೋ ಏನೋ ಜರುಗಿತು. ಇಡೀ ವಾರ್ಡಿಗೆ ಕೇಳಿಸಿತು.

"ಮೇಡಮ್ಮಾ, ಊಸ್ಬುಟ್ಟ! ನನ್ ಮಗ ಊಸ್ಬುಟ್ಟ!" ಗುರುಬಸಮ್ಮ ಕಾರಿಡಾರಿಗೇ ಓಡಿದಳು.

ಬಸವೇಶ ಹೊದಿಕೆ ಮುಖಕ್ಕೆಳೆದುಕೊಂಡ. ವಾಪಸ್ ಬಂದವಳು ಅದನ್ನು ಕಿತ್ತು ಕಣ್ಣೊರೆಸಿಕೊಂಡಳು. "ನಾಚ್ಕಬ್ಯಾಡ ಕಣ್ಲಾ ಮಗ. ಡಾಕ್ಟ್ರಮ್ಮ ಬತ್ತಾವ್ರೆ, ಇನ್ನೊಂದ್ ಬುಡು."