ಎಣ್ಣೆ ಕಾಣದ ಮಷೀನು

ನಮ್ಮ ಭಾವ ಹಗಲು ಫ್ರಿಜ್ ರಿಪೇರಿ ಮಾಡುತ್ತಾರೆ, ಸಂಜೆ ಗಿಟಾರ್ ಹಿಡಿಯುತ್ತಾರೆ. ಫ್ರಿಜ್ಜಿನ ಮುಂದೆ ಅವರಷ್ಟು ಸಮಾಧಾನದ ಮನುಷ್ಯ ಸಿಗಲಾರ. ಗಿಟಾರ್ ಹಿಡಿದರೆ ಮಾತ್ರ ದೇವರೇ ಗತಿ. ಅವರ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು ನಾನು. ಅಕ್ಕನ ಗಂಡ ಕರೆದರೆ ಇಲ್ಲ ಎನ್ನುವುದು ಹೇಗೆ?

ಮೊದಲ ಆಲ್ಬಮ್ ಯಾರಿಗೂ ಅರ್ಥವಾಗಲಿಲ್ಲ. ಅಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಯಾವನೋ ಪುಣ್ಯಾತ್ಮ ಪತ್ರಿಕೆಯಲ್ಲಿ, ‘ಇಂಥ ಸದ್ದನ್ನು ಹಿಂದೆಂದೂ ಕೇಳಿಲ್ಲ’ ಎಂದು ಬರೆದುಬಿಟ್ಟ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಭಾವ ಎರಡನೆಯ ಆಲ್ಬಮ್ಮಿಗೆ ಕೈ ಹಾಕಿದರು. ಇಡೀ ಆಲ್ಬಮ್ ಒಂದೇ ಹಾಡು, ಮುಕ್ಕಾಲು ಗಂಟೆ. ಅದಕ್ಕೆ ಆಧಾರ ಅಕ್ಕನ ಹೊಲಿಗೆ ಮಷೀನಿನ ಕಿರುಗುಟ್ಟುವಿಕೆ.

ಅಕ್ಕ ಮುಂದಿನ ಕೋಣೆಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ, ಕಾಲಲ್ಲಿ ತುಳಿಯುವ ಹಳೇ ಮಷೀನು. ಭಾವ ಎಣ್ಣೆ ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟರು.

“ಎಣ್ಣೆ ಬಿಟ್ರೆ ಸ್ವರ ಹೋಗುತ್ತೆ ಕಣೇ. ಆಲ್ಬಮ್ ಮುಗಿಯೋವರೆಗೆ ತಡ್ಕೊ.”

ಊರಿನವರ ಫ್ರಿಜ್ಜು ಗೊರಗುಟ್ಟಿದರೆ ಓಡಿಹೋಗುವ ಮನುಷ್ಯ ಇವರೇ. ಅಕ್ಕ ಒಣಗಿದ ಮಷೀನನ್ನು ತುಳಿದೂ ತುಳಿದೂ ಸುಸ್ತಾದಳು. “ರೀ, ಮಂಡಿ ಊದ್ಕೊಂಡಿದೆ” ಎಂದರೆ, “ಇನ್ನೊಂದೇ ಸಲ” ಎಂದು ಮೈಕನ್ನು ಮೇಜಿನ ಕೆಳಗೆ ಇನ್ನಷ್ಟು ಸರಿಸುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವರಿಗೆ ಹುಚ್ಚು ಹಿಡಿಸಿದ್ದು ಕಿರುಗುಟ್ಟುವಿಕೆಯ ಅಡಿಯಲ್ಲಿ ಕೇಳುವ ಒಂದು ತಗ್ಗಿದ ಸ್ವರ. “ಅದು ಮಷೀನಿನ ಮರದ ಹಲಗೆದು ಕಣೋ. ಆಲ್ಬಮ್ಮಿನ ಪ್ರಾಣ ಅದೇ” ಎಂದು ದಿನಕ್ಕೊಮ್ಮೆ ನನ್ನ ತಲೆ ತಿನ್ನುತ್ತಿದ್ದರು.

ಹಾಡಿನ ಕೊನೆಯ ಭಾಗವೊಂದು ಬಾಕಿ ಇತ್ತು. ಅದನ್ನು ರೆಕಾರ್ಡ್ ಮಾಡಬೇಕಾದ ದಿನ ನಾವು ಬರುವಷ್ಟರಲ್ಲಿ ಅಕ್ಕ ಸ್ಟೂಲು ಹತ್ತಿ ಡಬ್ಬಿ ಇಳಿಸಿ, ಮಷೀನಿನ ಸಂದುಗೊಂದಿಗೆಲ್ಲ ಎಣ್ಣೆ ಬಿಟ್ಟಿದ್ದಳು. ಮಷೀನು ಸದ್ದಿಲ್ಲದೆ ಓಡುತ್ತಿತ್ತು.

“ಎಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು” ಎಂದು ಭಾವ ತಲೆ ಮೇಲೆ ಕೈ ಹೊತ್ತು ಕೂತರು.

“ನಾಳೆ ಶಾಲೆಯವರು ಬಟ್ಟೆ ಕೇಳ್ತಾರೆ” ಎಂದಳು ಅಕ್ಕ, ತಲೆ ಎತ್ತದೆ.

ಸ್ವಲ್ಪ ಹೊತ್ತಿಗೆ ಭಾವ ಚೇತರಿಸಿಕೊಂಡರು. ಹಲಗೆಗೆ ಎಣ್ಣೆ ಬಿದ್ದಿಲ್ಲವಲ್ಲ, ತಗ್ಗಿದ ಸ್ವರ ಉಳಿದಿರಲೇಬೇಕು! ಮೈಕ್ ಇಟ್ಟರು, ಅಕ್ಕ ತುಳಿದಳು. ಏನೂ ಕೇಳಲಿಲ್ಲ. ಹಾಗಾದರೆ ಅದು ಬರುತ್ತಿದ್ದದ್ದಾದರೂ ಎಲ್ಲಿಂದ? ಹಳೆಯ ರೆಕಾರ್ಡಿಂಗ್ ತೆಗೆದು, ಕಿರುಗುಟ್ಟುವಿಕೆಯನ್ನು ತಗ್ಗಿಸಿ, ಕೆಳಗಿನ ಸ್ವರವನ್ನಷ್ಟೇ ಏರಿಸಿ ಸ್ಪೀಕರಿಗೆ ಬಿಟ್ಟರು.

‘ಹ್ಮ್... ಅಮ್ಮಾ... ಹ್ಮ್... ಅಮ್ಮಾ...’

ಒಂದೊಂದು ತುಳಿತಕ್ಕೆ ಒಂದೊಂದು ನರಳಾಟ, ಅಕ್ಕನದು. ಭಾವ ಸ್ಪೀಕರ್ ಆರಿಸಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು:

“ಇಷ್ಟು ನೋವಿದೆ ಅಂತ ನಂಗೆ ಹೇಳ್ಬಾರ್ದಿತ್ತಾ?”

ಅಕ್ಕ ಹಲ್ಲಿನಿಂದ ದಾರ ಕಡಿದು, ಮುಗಿದ ಅಂಗಿಯನ್ನು ಪಕ್ಕಕ್ಕಿಟ್ಟಳು.

“ದಿನಾ ಹೇಳ್ತಾನೇ ಇದ್ನಲ್ಲ. ನೀವು ರೆಕಾರ್ಡ್ ಮಾಡ್ಕೊಂಡ್ರಿ.”