ಸೂಜಿಯಕ್ಕನ ಮೂವತ್ತೊಂದು ಸಹಿ

ಕಲ್ಲುಚಪ್ಪಡಿಯಲ್ಲೂ ನರ ಹುಡುಕಿ ಡ್ರಿಪ್ ಹಾಕುವವಳು ಎಂದು ಸೂಜಿಯಕ್ಕನ ಬಗ್ಗೆ ಆಸ್ಪತ್ರೆಯಲ್ಲಿ ಮಾತಿತ್ತು. ಒಂದು ಸಲ ಆನೆಯಂಥ ಮನುಷ್ಯನೊಬ್ಬನನ್ನು ತಂದು ಮಲಗಿಸಿದ್ದರಂತೆ. ಮೂವರು ಡಾಕ್ಟರು, ಐದು ಜನ ನರ್ಸುಗಳು ಸೇರಿ ಅವನ ಎರಡೂ ತೋಳು ಚುಚ್ಚಿ ಚುಚ್ಚಿ ಜರಡಿ ಮಾಡಿದರೂ ನರ ಸಿಗಲಿಲ್ಲವಂತೆ. ಇವಳು ಬಂದು ಕಣ್ಣು ಮುಚ್ಚಿ, ಅವನ ಹೆಬ್ಬೆರಳಿನ ಬುಡವನ್ನು ಒಮ್ಮೆ ಸವರಿ, "ಇಲ್ಲಿ ಅಡಗಿದ್ದೀಯೇನೋ ಕಳ್ಳ" ಅಂದಳಂತೆ. ಸೂಜಿ ಒಳಗೆ ಹೋದದ್ದು ಗೊತ್ತೇ ಆಗದೆ ಆ ಮನುಷ್ಯ "ಯಾವಾಗ ಚುಚ್ತೀರಿ ಸಿಸ್ಟರ್?" ಎಂದು ಮೂರು ದಿನ ಕೇಳುತ್ತಲೇ ಇದ್ದನಂತೆ. ಮೂರು ದಿನ ಸ್ವಲ್ಪ ಹೆಚ್ಚಾಯಿತು. ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ಆದರೆ ನರ ಸಿಕ್ಕಿದ್ದು ನಿಜ. ಅಪ್ಪ ಅಮ್ಮ ಇಟ್ಟ ಹೆಸರು ಅವತ್ತಿನಿಂದ ಹಾಜರಿ ಪುಸ್ತಕಕ್ಕೆ ಮಾತ್ರ ಮೀಸಲಾಯಿತು.

ಇಂಥ ಸೂಜಿಯಕ್ಕನ ಮನೆಗೆ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ರಿಜಿಸ್ಟರ್ಡ್ ಪತ್ರ ಬಂತು. ಅವಳು ಬಟ್ಟೆ ಹಿಂಡುತ್ತಿದ್ದಳು. ಒದ್ದೆ ಕೈಯಲ್ಲೇ ಒಡೆದು ಓದಿದಳು. ನರ್ಸಿಂಗ್ ಕೌನ್ಸಿಲಿನವರು ಬರೆದಿದ್ದರು: ನಿಮ್ಮ ನೋಂದಣಿಯನ್ನು ಏಕೆ ರದ್ದು ಮಾಡಬಾರದು, ಕಾರಣ ತಿಳಿಸಿ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಹೋಗಕೂಡದು. ಕೆಳಗೆ ಮೂವತ್ತೊಂದು ತಾರೀಖುಗಳ ಪಟ್ಟಿ. ಆ ನೋಂದಣಿ ಹೋದರೆ ಯಾವ ಆಸ್ಪತ್ರೆಯ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ವಿಷಯ ಇಷ್ಟು. ಮಾರ್ಫಿನ್ ಎಂಬ ನೋವಿನ ಔಷಧಿ ಪುಟ್ಟ ಗಾಜಿನ ಸೀಸೆಯಲ್ಲಿ ಬರುತ್ತದೆ. ಡಾಕ್ಟರು ಎಷ್ಟೋ ಸಲ ಅರ್ಧ ಸೀಸೆಯಷ್ಟೇ ಕೊಡಿ ಎಂದು ಬರೆಯುತ್ತಾರೆ. ಉಳಿದ ಅರ್ಧವನ್ನು ಇಬ್ಬರು ನರ್ಸುಗಳು ಎದುರೆದುರು ನಿಂತು ಸಿಂಕಿಗೆ ಚೆಲ್ಲಿ, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಬೇಕು. ಒಬ್ಬಳು ಚೆಲ್ಲಿದವಳು, ಇನ್ನೊಬ್ಬಳು ನೋಡಿದವಳು. ಇದು ಕಾಯಿದೆ. ನಲವತ್ತು ಹಾಸಿಗೆಗೆ ಇಬ್ಬರೇ ನರ್ಸುಗಳಿರುವ ವಾರ್ಡಿನಲ್ಲಿ ಕಾಯಿದೆ ನಡೆಯುವ ರೀತಿಯೇ ಬೇರೆ. ಒಬ್ಬಳು ಔಷಧಿಯ ಮೇಜಿನಿಂದ "ಚೆಲ್ಲಿದ್ದೀನಿ ಅಕ್ಕಾ!" ಎಂದು ಕೂಗುತ್ತಾಳೆ. ಇನ್ನೊಬ್ಬಳು ಒಂದು ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದು ಓಡುತ್ತಾ, ಇನ್ನೊಂದು ಕೈಯಲ್ಲಿ ಸಹಿ ಗೀಚುತ್ತಾಳೆ. ಹೀಗೆ ಓಡುತ್ತಾ ಹಾಕಿದ ಸಹಿಗಳನ್ನು ಉದ್ದಕ್ಕೆ ಜೋಡಿಸಿದರೆ ಚಂದ್ರನಿಗೆ ಹೋಗಿ, ಅಲ್ಲಿ ಚಹಾ ಕುಡಿದು ವಾಪಸು ಬರಬಹುದಿತ್ತು.

ಕೂಗುತ್ತಿದ್ದವಳು ಗಿಣಿ. ಹದಿನಾರು ವರ್ಷದ ಜೊತೆಗಾತಿ; ಬಾಯಿಗೆ ಬಿಡುವಿಲ್ಲದ್ದರಿಂದ ಆ ಹೆಸರು. ರೋಗಿಯೊಬ್ಬನನ್ನು ಎತ್ತುವಾಗ ಗಿಣಿಯ ಸೊಂಟ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಹೇಗೂ ಮೋರಿಗೆ ಹೋಗುವ ಔಷಧಿಯಲ್ಲವೇ ಎಂದು ಉಳಿದ ಅರ್ಧವನ್ನು ಅವಳು ತನಗೇ ಚುಚ್ಚಿಕೊಳ್ಳತೊಡಗಿದ್ದಳು. ಆಮೇಲೆ ಅರ್ಧ ಸಾಲದಾಯಿತು. ಕೊನೆಗೊಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದಾಗಲೇ ಹೆಡ್ ಸಿಸ್ಟರ್ ಕೈಗೆ ಸಿಕ್ಕಿಬಿದ್ದಳು. ಪುಸ್ತಕ ತೆಗೆದು ನೋಡಿದರೆ, ಗಿಣಿ "ಚೆಲ್ಲಿದ" ಮೂವತ್ತೊಂದು ಕಡೆಯೂ "ನೋಡಿದವರು" ಎಂಬಲ್ಲಿ ಸೂಜಿಯಕ್ಕನ ಸಹಿ.

ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಸೂಜಿಯಕ್ಕ ಹಿಂಡಿದ ಬಟ್ಟೆ ಬಕೆಟ್ಟಿನಲ್ಲೇ ಅರ್ಧ ಒಣಗಿತು.

"ಅಲ್ವೇ, ನೀನು ಕದ್ದಿಲ್ಲ ತಾನೇ?" ಅಂದರು ಅತ್ತೆ.

"ಇಲ್ಲ ಅತ್ತೆ."

"ಮತ್ತೆ ನಿನಗ್ಯಾಕೆ ಈ ಗ್ರಹಚಾರ?"

"ನೋಡದೆ ನೋಡಿದ್ದೀನಿ ಅಂತ ಬರ್ಕೊಟ್ಟಿದ್ದೀನಲ್ಲ."

"ಅಯ್ಯೋ, ನಿನ್ನ ಮಾವನೋರು ನನ್ನ ಮುಖಾನೇ ನೋಡದೆ ನೋಡಿದ್ದೀನಿ, ಒಪ್ಪಿಗೆ ಅಂತ ಹೇಳಿ ಮದುವೆ ಆದ್ರು. ಅವರನ್ನ ಯಾವ ಕೌನ್ಸಿಲ್ ಕರೀತು?"

ಸೂಜಿಯಕ್ಕನಿಗೆ ನಗು ಬಂತು. ನಗುತ್ತಲೇ ಅಳು ಶುರುವಾಯಿತು. ಅತ್ತೆ ಗಾಬರಿಯಾಗಿ ಸೆರಗು ಕೊಟ್ಟರು.

ಗಂಡ ಲಿಫ್ಟ್ ಮೆಕ್ಯಾನಿಕ್. ಮಾತು ಕಮ್ಮಿ, ಆಡಿದರೆ ಲಿಫ್ಟಿನದೇ ಮಾತು. ಸಂಜೆ ಬಂದು ಪತ್ರ ಓದಿ, ಮಡಚಿಟ್ಟು, ಅವಳ ಪಕ್ಕ ಕೂತ.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ನಾನು ಹೇಳೋದು ಒಂದೇ. ಸಿಕ್ಕಿದ ಗುಂಡಿಯೆಲ್ಲಾ ಒತ್ಬೇಡಿ. ಸುಮ್ನೆ ಕೂತ್ಕೊಳ್ಳಿ."

"ಎಷ್ಟೊತ್ತು ರೀ?"

"ಹತ್ತೇ ನಿಮಿಷ ಅಂತೀನಿ."

"ನಿಜವಾಗ್ಲೂ ಎಷ್ಟಾಗುತ್ತೆ?"

ಅವನು ತಲೆ ಕೆರೆದುಕೊಂಡ. "ಒಂದ್ಸಲ ಐದು ಗಂಟೆ ಆಗಿತ್ತು."

ಇವಳದ್ದು ಏಳು ತಿಂಗಳಾಯಿತು.

ಮೊದಲ ವಾರವೇ ವಕೀಲರಮ್ಮನನ್ನು ಕಂಡಳು. ಮುಕ್ಕಾಲು ಅಡಿ ಎತ್ತರದ ಹೆಂಗಸು ಎನ್ನಬಹುದು. ಮೇಜಿನ ಹಿಂದಿನಿಂದ ಕನ್ನಡಕ ಮಾತ್ರ ಕಾಣುತ್ತಿತ್ತು. ದನಿ ಮಾತ್ರ ಬೀದಿ ತನಕ ಕೇಳುವಂಥದ್ದು. "ಬಂದ ಕಾಗದ, ಹೋದ ಕಾಗದ ಎಲ್ಲಾ ಒಂದೇ ಫೈಲಲ್ಲಿ. ಫೋನಲ್ಲಿ ಯಾರಿಗೂ ಉತ್ತರ ಕೊಡ್ಬೇಡಿ, ಬರವಣಿಗೆಯಲ್ಲೇ ಆಗ್ಲಿ. ಆ ದಿನಗಳ ಡ್ಯೂಟಿ ಪಟ್ಟಿ ಕೇಳಿ ತಗೊಳ್ಳಿ, ಎಷ್ಟು ರೋಗಿಗಳಿಗೆ ಎಷ್ಟು ಜನ ಇದ್ರಿ ಅಂತ ತೋರಿಸೋಣ. ಗಿಣಿ ಜೊತೆ ಒಂದು ಮಾತೂ ಬೇಡ. ನಿದ್ದೆ ಇಲ್ಲ ಅಂದ್ರೆ ಡಾಕ್ಟರ ಹತ್ರ ಹೋಗಿ, ನರ್ಸು ಅಂತ ನೀವೇ ಮಾತ್ರೆ ನುಂಗ್ಬೇಡಿ. ಒಂದು ನೋಟ್‌ಬುಕ್ ತಂದು ಆ ಮೂವತ್ತೊಂದು ದಿನ ಏನೇನಾಯ್ತು, ನೆನಪಿದ್ದದ್ದೆಲ್ಲಾ ಬರೀರಿ."

ಇನ್ನೂರು ಪುಟದ ನೋಟ್‌ಬುಕ್ ತಂದಳು. ಪ್ರತಿ ಪುಟದ ಮೇಲೆ ಒಂದೊಂದು ತಾರೀಖು ಬರೆದಳು. ತಾರೀಖಿನ ಕೆಳಗೆ ಏನು ಬರೆಯುವುದು? ಒದ್ದೆ ನೆಲದಲ್ಲಿ ಸರ್ಜನ್ ಸಾಹೇಬರು ಜಾರಿ, ಕೂತ ಭಂಗಿಯಲ್ಲೇ ದೋಣಿಯ ಹಾಗೆ ತೇಲಿಕೊಂಡು ಹೋಗಿ ಎಕ್ಸ್‌ರೇ ಕೋಣೆ ಮುಟ್ಟಿದ್ದು ನೆನಪಿತ್ತು. ಮೂರನೇ ಹಾಸಿಗೆಯ ಅಜ್ಜಿ ತನ್ನ ಹಲ್ಲಿನ ಸೆಟ್ಟನ್ನು ಪಕ್ಕದವಳ ಬಾಯಲ್ಲಿ ಕಂಡು ಜಗಳವಾಡಿದ್ದು ನೆನಪಿತ್ತು. ಆದರೆ ಒಂದೇ ಒಂದು ಅರ್ಧ ಸೀಸೆಯೂ ನೆನಪಿರಲಿಲ್ಲ. ಏಕೆಂದರೆ ಆ ದಿನಗಳಲ್ಲಿ ಅವಳ ಮಟ್ಟಿಗೆ ಏನೂ ಆಗಿರಲಿಲ್ಲ. ಕೂಗಿದರು, ಗೀಚಿದಳು, ಓಡಿದಳು. ತನ್ನದೇ ಕೈಬರಹದ ನಕಲು ಪ್ರತಿಗಳನ್ನು ಹರಡಿಕೊಂಡು ಅಪರಿಚಿತಳನ್ನು ನೋಡುವ ಹಾಗೆ ನೋಡುತ್ತಿದ್ದಳು.

ದಿನಗಳು ಕಳೆದಂತೆ ಅವಳು ಸ್ನಾನಕ್ಕೂ ಅತ್ತೆಯಿಂದ ಹೇಳಿಸಿಕೊಳ್ಳುವ ಹಾಗಾಯಿತು. ಪೋಸ್ಟ್‌ಮ್ಯಾನ್ ಸೈಕಲ್ ಗಂಟೆ ಕೇಳಿದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಂಗಡಿಗೆ ಹೋದರೆ ಯಾರಾದರೂ "ಏನ್ ಸಿಸ್ಟರ್, ರಜಾನಾ?" ಎನ್ನುತ್ತಾರೆಂದು ಎರಡು ಬೀದಿ ಸುತ್ತಿ ಬೇರೆ ಅಂಗಡಿಗೆ ಹೋಗುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆಯೇನೋ ಬಂತು, ಎದ್ದಾಗ ಆ ಮೂವತ್ತೊಂದು ಪುಟ ಹಾಗೇ ಖಾಲಿ ಇರುತ್ತಿದ್ದವು.

ಪಟ್ಟಿಯ ಹನ್ನೊಂದನೇ ತಾರೀಖಿನ ಪುಟದಲ್ಲಿ ಮಾತ್ರ ಒಂದು ಮಧ್ಯಾಹ್ನ ಪೆನ್ನು ತಾನಾಗಿ ಓಡಿತು. ಆರನೇ ಹಾಸಿಗೆ. ಬಡಗಿ ತಾತ. ಮೂಳೆಗೆ ಹಬ್ಬಿದ ಕ್ಯಾನ್ಸರು. ಅವತ್ತು ಗಿಣಿ ಇಂಜೆಕ್ಷನ್ ಕೊಟ್ಟು ಹೋಗಿ ಅರ್ಧ ಗಂಟೆಯಾದರೂ ತಾತ ಹಾಸಿಗೆಯ ಸರಳು ಹಿಡಿದು ಕೂಗುತ್ತಿದ್ದ. "ತಾಯೀ, ಏನೂ ತಾಗ್ಲಿಲ್ಲ ತಾಯೀ, ನೀರು ಚುಚ್ಚಿದಂಗಿದೆ." ಸೂಜಿಯಕ್ಕ ಪುಸ್ತಕ ನೋಡಿದಳು. ಕೊಟ್ಟಿದೆ, ಚೆಲ್ಲಿದೆ, ಎರಡು ಸಹಿ. ವಾಪಸು ಬಂದು ಗದರಿದಳು: "ತಾತಾ, ಈಗಷ್ಟೇ ಕೊಟ್ಟಿದೆ. ಪಕ್ಕದೋರೆಲ್ಲಾ ಮನುಷ್ಯರಲ್ವಾ? ಸ್ವಲ್ಪ ತಡ್ಕೊಳ್ಳಿ." ತಾತ ಅವಳನ್ನೊಮ್ಮೆ ನೋಡಿ, ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡ. ಸಂಜೆ ಆರರವರೆಗೆ ಮತ್ತೆ ದನಿ ತೆಗೆಯಲಿಲ್ಲ. ಎಂಟು ದಿನಕ್ಕೆ ತೀರಿಕೊಂಡ.

ಅರ್ಧ ಸಾಲದ ಗಿಣಿ ತಾತನ ಪಾಲನ್ನೂ ತಾನೇ ಇಟ್ಟುಕೊಂಡಿದ್ದಳು, ಅವನಿಗೆ ಚುಚ್ಚಿದ್ದು ನಿಜವಾಗಿಯೂ ನೀರೇ ಎಂದು ಸೂಜಿಯಕ್ಕನಿಗೆ ಈಗ ಗೊತ್ತಾಯಿತು. ಪೆನ್ನು ಕೆಳಗಿಟ್ಟಳು. ಅವತ್ತಿನಿಂದ ಅನ್ನದ ತಟ್ಟೆ ಮುಂದೆ ಕೂತರೆ ಹೊದಿಕೆಯ ಅಂಚು ಕಣ್ಣೆದುರು ಬರುತ್ತಿತ್ತು.

ವಿಚಾರಣೆಗೆ ಎರಡು ದಿನ ಇದ್ದಾಗ ಗಿಣಿಯ ಫೋನು. ಎತ್ತಬಾರದಿತ್ತು, ಎತ್ತಿದಳು.

"ಅಕ್ಕಾ, ನೋಡಿದೆ ಅಂತ ಒಂದೇ ಒಂದು ಮಾತು ಹೇಳಿಬಿಡು. ಇಬ್ರೂ ಅದನ್ನೇ ಅಂದ್ರೆ ಆ ಮೂವತ್ತೊಂದು ಬಿದ್ದೋಗುತ್ತೆ. ಸಿಕ್ಕಿಬಿದ್ದದ್ದು ಒಂದಕ್ಕೆ ಮಾತ್ರ ನಂಗೆ ಶಿಕ್ಷೆ. ನೀನೂ ಉಳೀತೀಯ."

"ಬಡಗಿ ತಾತಂಗೆ ಏನ್ ಚುಚ್ಚಿದ್ಯೇ?"

ಹದಿನಾರು ವರ್ಷದಲ್ಲಿ ಮೊದಲ ಬಾರಿ ಗಿಣಿಗೆ ಮಾತು ಸಿಗಲಿಲ್ಲ. ಸೂಜಿಯಕ್ಕನೇ ಫೋನು ಇಟ್ಟಳು.

ವಕೀಲರಮ್ಮನ ಲೆಕ್ಕವೇ ಬೇರೆ. "ನೋಡಿದೆ ಅನ್ಬೇಡಿ, ಸುಳ್ಳು. ನೋಡಿಲ್ಲ ಅನ್ಬೇಡಿ, ಅಪಾಯ. ನೆನಪಿಲ್ಲ ಅನ್ನಿ. ಅದು ನಿಜಾನೂ ಹೌದು, ಕ್ಷೇಮಾನೂ ಹೌದು. ಎಚ್ಚರಿಕೆ ಕೊಟ್ಟು ಬಿಡ್ತಾರೆ."

ಕೌನ್ಸಿಲಿನ ಕೋಣೆಯಲ್ಲಿ ಉದ್ದ ಮೇಜು, ಆಚೆಗೆ ಮೂರು ಜನ. ನಡುವೆ ಕೂತ ಅಧ್ಯಕ್ಷೆ ತಾವೂ ಒಂದು ಕಾಲದಲ್ಲಿ ನರ್ಸಾಗಿದ್ದವರು. ಬೆರಳಿನ ಉಗುರುಗಳನ್ನು ಇನ್ನೂ ಬುಡಕ್ಕೆ ಕತ್ತರಿಸುತ್ತಿದ್ದರು. ಅವರು ಪಟ್ಟಿ ಹಿಡಿದು ಮೊದಲನೇ ತಾರೀಖು ಓದಿದರು.

"ಚೆಲ್ಲಿದ್ದನ್ನ ನೋಡಿದ್ರಾ?"

"ನೆನಪಿಲ್ಲ ಮೇಡಮ್."

ಎರಡನೇದು. ನೆನಪಿಲ್ಲ. ಮೂರನೇದು, ಹತ್ತನೇದು. ಪಕ್ಕದಲ್ಲಿ ವಕೀಲರಮ್ಮನ ಕನ್ನಡಕ ಸಮಾಧಾನದಿಂದ ಹೊಳೆಯುತ್ತಿತ್ತು. ಅಧ್ಯಕ್ಷೆ ಹನ್ನೊಂದನೇ ತಾರೀಖು, ಆರನೇ ಹಾಸಿಗೆ ಎಂದರು.

"ನೋಡಿಲ್ಲ," ಅಂದಳು ಸೂಜಿಯಕ್ಕ.

ವಕೀಲರಮ್ಮ ಮೇಜಿನ ಕೆಳಗೆ ಕಾಲು ತುಳಿದರು.

"ಯಾವುದನ್ನೂ ನೋಡಿಲ್ಲ ಮೇಡಮ್. ಮೊದಲಿನ ಹತ್ತೂ ನೋಡಿಲ್ಲ. ಆರನೇ ಹಾಸಿಗೆ ತಾತ ನೀರು ಚುಚ್ಚಿದಂಗಿದೆ ಅಂತ ನಂಗೇ ಹೇಳಿದ್ರು. ನಾನು ನನ್ನ ಸಹಿ ನೋಡಿ ಅವರಿಗೆ ಬೈದೆ."

"ಅದನ್ನ ನಾವು ಕೇಳಿಲ್ಲ."

"ಕೇಳಲ್ಲ ಅಂತ ಗೊತ್ತು ಮೇಡಮ್. ಅವರ ಮನೆಯೋರೂ ಕೇಳ್ಲಿಲ್ಲ. ಅವರಿಗೆ ಗೊತ್ತೇ ಇಲ್ಲ."

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು: "ಇಪ್ಪತ್ತೆರಡು ವರ್ಷದಲ್ಲಿ ನಿಜವಾಗಿ ನೋಡಿ ಹಾಕಿದ ಸಹಿ ಎಷ್ಟು?"

"ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು ನೋಡ್ತಿದ್ದೆ. ಆಗ ಎಲ್ಲಾರೂ ನಗ್ತಿದ್ರು."

ಹೊರಗೆ ಬಂದು ವಕೀಲರಮ್ಮ ಬೈಯಲೂ ಇಲ್ಲ. "ನಿಮಗೆ ಮನಸ್ಸು ಹಗುರ ಆಯ್ತಾ?" ಎಂದರು. ಹಗುರವಾಗಿರಲಿಲ್ಲ. ನಿಜ ಹೇಳಿದರೆ ಹೊದಿಕೆಯ ಅಂಚು ಕಣ್ಣಿಂದ ಹೋಗಬಹುದು ಎಂದುಕೊಂಡಿದ್ದಳು. ಬಸ್ಸಿನಲ್ಲಿ ಕೂತಾಗಲೂ ಅದು ಹಾಗೇ ಇತ್ತು.

ತೀರ್ಪಿನ ಪತ್ರ ಹದಿನೈದು ದಿನಕ್ಕೆ ಬಂತು. ಗಿಣಿಯ ಹೆಸರು ಖಾಯಂ ಆಗಿ ತೆಗೆದಿದ್ದರು. ಸೂಜಿಯಕ್ಕನದು ಐದು ವರ್ಷ. ಆಮೇಲೆ ಬೇಕಾದರೆ ಹೊಸದಾಗಿ ಅರ್ಜಿ. ಅಲ್ಲಿಯವರೆಗೆ ಸಂಬಳಕ್ಕಾಗಲಿ, ಪುಕ್ಕಟೆಯಾಗಲಿ, ಯಾರಿಗೂ ಯಾವ ಶುಶ್ರೂಷೆಯನ್ನೂ ಮಾಡತಕ್ಕದ್ದಲ್ಲ. ಐದು ವರ್ಷಕ್ಕೆ ಅವಳಿಗೆ ಐವತ್ತು ತುಂಬುತ್ತದೆ. ಗಂಡ ಓದಿ, ಮಡಚಿ, ವಕೀಲರಮ್ಮ ಹೇಳಿದ ಫೈಲಿಗೆ ಸೇರಿಸಿಟ್ಟ.

ಮರುದಿನ ಬೆಳಗ್ಗೆ ಕೆಳಗಿನ ಮನೆಯ ದರ್ಜಿಯ ಹೆಂಡತಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಚೀಟಿ, ಔಷಧಿಯ ಪೊಟ್ಟಣ.

"ಅಕ್ಕಾ, ನಮ್ಮಮ್ಮಂಗೆ ದಿನಾ ಒಂದು ಇಂಜೆಕ್ಷನ್ ಬರ್ದಿದ್ದಾರೆ. ಕ್ಲಿನಿಕ್ಕಲ್ಲಿ ನರ ಸಿಗ್ದೆ ಎರಡೂ ಕೈ ನೀಲಿ ಮಾಡಿ ಕಳ್ಸಿದ್ದಾರೆ, ಪಾಪ ಅಳ್ತಾ ಕೂತಿದ್ದಾಳೆ. ನೀವೊಂದ್ಸಲ ಬನ್ನಿ, ನಿಮಗೆ ಒಂದು ನಿಮಿಷದ ಕೆಲಸ."

"ಆಗಲ್ಲಮ್ಮ."

"ಯಾಕಕ್ಕಾ, ಹುಷಾರಿಲ್ವಾ?"

"ಹುಷಾರಿದ್ದೀನಿ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು."

"ಅಷ್ಟು ದೂರ ಅವಳು ಹೇಗಕ್ಕಾ ಬರ್ತಾಳೆ? ನೋವು ತಡೀಲಾರದೆ ಒದ್ದಾಡ್ತಿದ್ದಾಳೆ."

ಸೂಜಿಯಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ದರ್ಜಿಯ ಹೆಂಡತಿ ಆ ಕೈಗಳನ್ನೂ, ಅವಳ ಮುಖವನ್ನೂ ಒಮ್ಮೆ ನೋಡಿದಳು. "ಆಯ್ತು ಬಿಡಿ, ದೊಡ್ಡೋರಾದ್ರಿ," ಎಂದು ತಿರುಗಿದಳು. ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು. ಆಮೇಲೆ ಕೆಳಗಿನ ಮನೆಯ ಬಾಗಿಲು ತೆರೆದದ್ದು ಕೇಳಿಸಿತು, ಅದರ ಹಿಂದೆಯೇ ಮುದುಕಿಯ ನರಳಾಟ. ಸೂಜಿಯಕ್ಕ ಹೊಸ್ತಿಲಲ್ಲೇ ಕೂತು ಅದು ನಿಲ್ಲುವವರೆಗೂ ಕೇಳಿದಳು.