ಮುನಿರಾಜುಗೆ ಕೊಟ್ಟ ಆಷಾಢದ ತಾಂಬೂಲ

1991ರಲ್ಲಿ ನಾನು ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ತಜ್ಞೆಯಾಗಿದ್ದೆ. ಕಿವಿಗೆ ಹತ್ತಿ ತುರುಕಿಕೊಂಡು ಬರುವ ಬಾಶೆಟ್ಟಿಹಳ್ಳಿಯ ಕಾರ್ಮಿಕರು, ನೆಗಡಿಗೂ ಇಂಜೆಕ್ಷನ್ನೇ ಬೇಕೆಂದು ಹಟ ಹಿಡಿಯುವವರು, ಮೂಗಿಗೆ ಕಡಲೆಕಾಳು ಹಾಕಿಕೊಂಡ ಮಕ್ಕಳು, ಇವರಲ್ಲೇ ದಿನ ಮುಗಿಯುತ್ತಿತ್ತು. ನನ್ನ ಬಾಯಿ ಜೋರು ಎಂಬ ಹೆಸರು ಆಗಲೇ ಇತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ಬೇಸಿಗೆಯಲ್ಲಿ ಸಾಸಲಿನ ಮುನಿರಾಜು ಬಂದ, ಜೊತೆಗೆ ಹೆಂಡತಿ ರತ್ನಮ್ಮ. ಮೂವತ್ತರ ಆಸುಪಾಸಿನ ಆಳು. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಮೂಗಿನ ಒಳಗೋಡೆ ಸೊಟ್ಟಗಾಗಿತ್ತು. ಎರಡು ಹೊಳ್ಳೆಗಳ ನಡುವಿನ ಈ ಗೋಡೆಗೆ ನಾವು ಸೆಪ್ಟಮ್ ಎನ್ನುತ್ತೇವೆ. ಬೆಂಗಳೂರಿನ ನರ್ಸಿಂಗ್ ಹೋಂ ಒಂದರಲ್ಲಿ ಅದನ್ನು ನೇರ ಮಾಡುವ ಸೆಪ್ಟೋಪ್ಲಾಸ್ಟಿ ಆಗಿತ್ತು. ಆದರೂ ಎಡಹೊಳ್ಳೆ ಕಟ್ಟಿಯೇ ಇತ್ತು. ಎರಡನೇ ಸಲ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ಕೇಳಲು ಬಂದಿದ್ದರು.

ಹಣೆಗೆ ಕನ್ನಡಿ ಕಟ್ಟಿಕೊಂಡು ಬೆಳಕು ಬಿಟ್ಟು ನೋಡಿದೆ. ಒಳಗೆಲ್ಲ ಗಾಯ ಮಾಯ್ದು ಅಂಟಿಕೊಂಡಿತ್ತು, ಗೋಡೆ ಮತ್ತೆ ಎಡಕ್ಕೆ ವಾಲಿತ್ತು. ಎರಡನೇ ಸಲ ಮೂಗಿಗೆ ಕೈಹಾಕುವುದು ಮೊದಲಿನಷ್ಟು ಸಲೀಸಲ್ಲ. ಗೋಡೆಯಲ್ಲಿ ತೂತು ಬೀಳಬಹುದು, ಮೂಗೇ ಕುಸಿಯಬಹುದು.

"ಒಂದು ಹೊಳ್ಳೆ ಸರಿಯಾಗಿದೆಯಲ್ಲಪ್ಪಾ. ಬೇಸಾಯಕ್ಕೆ ಇಷ್ಟು ಉಸಿರು ಸಾಕು, ಸುಮ್ನಿರು," ಎಂದೆ.

ಅವನು ತಲೆ ತಗ್ಗಿಸಿದ. ರತ್ನಮ್ಮ ಸುಮ್ಮನಿರಲಿಲ್ಲ. "ಬೇಸಾಯಕ್ಕೆ ಸಾಕು ಡಾಕ್ಟ್ರಮ್ಮ, ವಾಲಗಕ್ಕೆ ಸಾಲಲ್ಲ," ಎಂದಳು.

ಮುನಿರಾಜು ನಾಗಸ್ವರದವನು. ಅವರ ಮನೆಯವರು ತಂದೆಯ ಕಾಲದಿಂದಲೂ ಮದುವೆಗಳಿಗೆ ಊದುತ್ತಿದ್ದರು. ಆ ವಾದ್ಯದಲ್ಲಿ ಸ್ವರ ಕಡಿಯದಂತೆ ಎಳೆಯಬೇಕಾದರೆ ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಊದುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ಬೆಂಗಳೂರಿನ ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ, ಹೊಸಕೋಟೆಯ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ, ಗಟ್ಟಿಮೇಳದ ನಡುವೆ, ಉಸಿರು ಸಾಲದೆ ಅವನ ಸ್ವರ ನಿಂತುಬಿಟ್ಟಿತ್ತು. ಹೆಣ್ಣಿನ ಕಡೆಯವರು ಅಪಶಕುನವೆಂದು ಬಾಯಿಗೆ ಬಂದಂತೆ ಬೈದರು. ಆಮೇಲೆ ಅವನು ಮೇಳದಲ್ಲಿ ಶ್ರುತಿ ಹಿಡಿದು ಕೂರುತ್ತಿದ್ದನೇ ಹೊರತು ನಾಗಸ್ವರ ಮುಟ್ಟಿರಲಿಲ್ಲ.

"ಮೊದಲ ಡಾಕ್ಟರಿಗೆ ಇದನ್ನ ಹೇಳಿದ್ದಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಏನ್ ಕೆಲಸ ಅಂದ್ರು, ಬೇಸಾಯ ಅಂದೆ. ಒಂದು ತಿಂಗಳು ತೂಕ ಎತ್ಬೇಡ ಅಂದ್ರು, ಎತ್ಲಿಲ್ಲ. ಆದ್ರೆ ಊದ್ತೀನಿ ಅಂತ ಒಪ್ಕೊಂಡು ತಾಂಬೂಲ ತಗೊಂಡ್ಬಿಟ್ಟಿದ್ದೆ. ವಾರಕ್ಕೆಲ್ಲ ಮದುವೆ ಇತ್ತು, ಹೋಗಿ ಊದ್ಬಂದೆ. ನಾಗಸ್ವರ ಏನ್ ಮಹಾ ತೂಕ ಮೇಡಂ?"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದೆ. ಹಸಿಗಾಯದ ಮೇಲೆ ಊದಿ, ರಕ್ತ ಬಂದದ್ದನ್ನು ಮುಚ್ಚಿಟ್ಟು, ಡ್ರೆಸಿಂಗಿಗೂ ಹೋಗದೆ ಕೂತಿದ್ದ ಮಹಾರಾಯ. ಮೊದಲ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಸ್ವಲ್ಪವೂ ಬೇಸರಪಡದೆ, ಎಷ್ಟು ಮೃದ್ವಸ್ಥಿ ತೆಗೆದಿದ್ದರು, ಎಷ್ಟು ಉಳಿಸಿದ್ದರು ಎಂದು ಬಿಡಿಸಿ ಹೇಳಿದರು. ಆ ಉಪಕಾರವನ್ನು ಮರೆಯಲಾರೆ. ಮೂಗಿನ ಆಧಾರಕ್ಕೆ ಬೇಕಾದಷ್ಟು ಉಳಿದಿತ್ತು. ಧೈರ್ಯ ಮಾಡಬಹುದಿತ್ತು.

ನನಗೆ ಭಯವಿದ್ದದ್ದು ಆಮೇಲಿನ ದಿನಗಳದ್ದು. ಮದುವೆಗಳಿಲ್ಲದ ಆಷಾಢಕ್ಕೆ ಆಪರೇಷನ್ ಇಟ್ಟುಕೊಂಡೆ. ಆದರೆ ಗಾಯ ಪೂರ್ತಿ ಮಾಯಲು ಶ್ರಾವಣವೂ ಬೇಕು, ಶ್ರಾವಣ ಬಂತೆಂದರೆ ಮದುವೆಗಳು ಶುರು. ಮನೆಬಾಗಿಲಿಗೆ ತಾಂಬೂಲ ಹಿಡಿದು ಬಂದವರಿಗೆ ಇಲ್ಲವೆನ್ನುವ ಆಸಾಮಿ ಇವನಲ್ಲ. ಆದರೆ ಒಬ್ಬರ ತಾಂಬೂಲ ಹಿಡಿದ ದಿನಕ್ಕೆ ವಾಲಗದವರು ಇನ್ನೊಬ್ಬರದನ್ನು ಮುಟ್ಟುವುದಿಲ್ಲ.

ಅಡ್ಮಿಟ್ ಆದ ದಿನ ಆಯಾಳಿಂದ ಎಲೆ ಅಡಿಕೆ ತರಿಸಿ, ತಟ್ಟೆಯಲ್ಲಿಟ್ಟು, ಮೇಲೊಂದು ನಾಣ್ಯವಿಟ್ಟು ಅವನ ಮುಂದೆ ಹಿಡಿದೆ.

"ಆಷಾಢ, ಶ್ರಾವಣ ಎರಡೂ ತಿಂಗಳಿಗೆ ನಿನ್ನನ್ನ ನಾನು ಗೊತ್ತು ಮಾಡಿದೀನಿ. ತಗೋ."

"ನಿಮ್ಮನೇಲಿ ಏನ್ ಕಾರ್ಯ ಮೇಡಂ?"

"ನೀನು ಊದದೆ ಇರೋದೇ ಕಾರ್ಯ."

ರತ್ನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವನು ನಗಲಿಲ್ಲ. ಮಂಚದಿಂದಿಳಿದು, ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಿ, ಎರಡೂ ಕೈಯಲ್ಲಿ ತಾಂಬೂಲ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಆಪರೇಷನ್ ಎರಡು ಗಂಟೆ ಹಿಡಿಯಿತು. ಅಂಟು ಬಿಡಿಸಿ ಗೋಡೆಯನ್ನು ನಡುವಿಗೆ ತಂದೆ. ಹಳೆಯ ಎಕ್ಸ್-ರೇ ಫಿಲ್ಮನ್ನು ತೊಳೆದು, ಕತ್ತರಿಸಿ, ಶುದ್ಧಮಾಡಿ, ಮತ್ತೆ ಅಂಟದಂತೆ ಗೋಡೆಯ ಎರಡೂ ಬದಿಗೆ ಇಟ್ಟು ಹೊಲಿದೆ. ಆಗ ನಮ್ಮ ಕೈಗೆ ಸಿಗುತ್ತಿದ್ದ ಸ್ಪ್ಲಿಂಟ್ ಅದೇ. ಕರೆದಾಗಲೆಲ್ಲ ಅವನು ಡ್ರೆಸಿಂಗಿಗೆ ಬಂದ. ಶ್ರಾವಣದಲ್ಲಿ ನೆಲಮಂಗಲದ ಕಡೆಯವರು ಮದುವೆಗೆ ಕರೆಯಲು ಹೋದಾಗ, "ಡಾಕ್ಟ್ರಮ್ಮನ ತಾಂಬೂಲ ಹಿಡಿದಿದೀನಿ, ಆಗಲ್ಲ," ಎಂದನಂತೆ. ಇದನ್ನು ನನಗೆ ಹೇಳಿದವಳು ರತ್ನಮ್ಮ.

ಗೌರಿ ಹಬ್ಬ ಕಳೆದ ಮೇಲೆ, ಓಪಿಡಿ ಮುಗಿಯುವ ಹೊತ್ತಿಗೆ ಇಬ್ಬರೂ ಬಂದರು. ಗೋಡೆ ನೆಟ್ಟಗಿತ್ತು. ಇನ್ನು ಊದಬಹುದು ಎಂದೆ. ಅವನು ಹೊರಗೆ ಹೋಗಿ ಹೊಂಗೆಮರದಡಿ ಚೀಲ ಬಿಚ್ಚಿದ.

"ತಾಂಬೂಲ ತಗೊಂಡು ಊದ್ದೆ ಹೋದ್ರೆ ನಿಮ್ಮ ಋಣ ಉಳ್ಕೊಂತದೆ ಮೇಡಂ."

ಸದ್ದು ಮಾಡಬಾರದೆಂಬ ಬೋರ್ಡು ಅಲ್ಲೇ ಇತ್ತು, ಬರೆಸಿದ್ದವಳು ನಾನೇ. ಬೇಡವೆನ್ನಲು ಮನಸ್ಸಾಗಲಿಲ್ಲ. ಸಂಗೀತ ನನಗೆ ತಿಳಿಯದು. ಅವನ ಎಡಹೊಳ್ಳೆಯನ್ನೇ ನೋಡುತ್ತ ನಿಂತೆ. ಕೆನ್ನೆ ಉಬ್ಬಿತು, ಹೊಳ್ಳೆ ಅರಳಿತು, ಇಳಿಯಿತು, ಮತ್ತೆ ಅರಳಿತು. ಸ್ವರ ಮಾತ್ರ ನಿಲ್ಲಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ರತ್ನಮ್ಮನನ್ನು ನೋಡಿ ನಾನೂ ಅತ್ತೆ.

ಅಂದಿನಿಂದ ನಿವೃತ್ತಿಯವರೆಗೆ, ಈ ಮೂಗಿನಿಂದ ನಿಮಗೆ ಏನೇನು ಕೆಲಸ ಆಗಬೇಕು ಎಂದು ಕೇಳದೆ ನಾನು ಯಾರ ಮೂಗಿಗೂ ಕತ್ತಿ ಹಾಕಿಲ್ಲ. ಹಾಗೆ ಕೇಳುವುದನ್ನು ಕಲಿಸಿದ ಗಂಡ ಹೆಂಡತಿಗೆ ನಾನು ಋಣಿ. ಮುಂದೆ ನನ್ನ ಮಗಳ ಮದುವೆ ಗೊತ್ತಾದಾಗ, ಛತ್ರ ನೋಡುವುದಕ್ಕೂ ಮೊದಲು ಎಲೆ ಅಡಿಕೆ ಹಿಡಿದು ಸಾಸಲಿಗೆ ನಾನೇ ಹೋದೆ.